ಥೈರಾಯ್ಡ್ ಗಂಟು: ಕೋಶಸೂಚಕಗಳು ಏನನ್ನು ಹೇಳಬಲ್ಲವು?

ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ ಚಿಟ್ಟೆಯಾಕಾರದಲ್ಲಿರುವ ಗ್ರಂಥಿಯೇ ಥೈರಾಯ್ಡ್. ಇದರಲ್ಲಿ ಗಂಟು ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಅಯೋಡಿನ್ ಕೊರತೆಯಿಲ್ಲದ ಪ್ರದೇಶಗಳಲ್ಲಿಯೂ ಸುಮಾರು ಶೇ. 5ರಷ್ಟು ಸ್ತ್ರೀಯರಲ್ಲಿ ಹಾಗೂ ಶೇ. 1ರಷ್ಟು ಪುರುಷರಲ್ಲಿ ಕೈಗೆ ಸಿಗುವಂತಹ ಗಂಟುಗಳಿರುತ್ತವೆ; ಅಲ್ಟ್ರಾಸೌಂಡ್ ಯಂತ್ರದಿಂದ ನೋಡಿದರೆ ಈ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ತಪಾಸಣೆಗೆ ಬರುವ ಗಂಟುಗಳ ಪೈಕಿ ಕ್ಯಾನ್ಸರ್ ಆಗಿರುವಂಥವು ನೂರಕ್ಕೆ 7ರಿಂದ 15 ಮಾತ್ರ. ಈ ಕೆಲವನ್ನು ತಪ್ಪದೆ ಗುರುತಿಸಬೇಕು, ಉಳಿದವರನ್ನು ಅನಾವಶ್ಯಕ ಶಸ್ತ್ರಚಿಕಿತ್ಸೆಯಿಂದ ಪಾರುಮಾಡಬೇಕು. ವೈದ್ಯರ ಕಷ್ಟವಿರುವುದು ಇಲ್ಲಿಯೇ.

ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಆದ ಬಳಿಕ, ಅಗತ್ಯವೆನಿಸಿದಲ್ಲಿ ಸಣ್ಣ ಸೂಜಿಯಿಂದ ಗಂಟಿನ ಜೀವಕೋಶಗಳನ್ನು ಹೀರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ರೂಪಿಸಿದ ಪದ್ಧತಿಯಂತೆ ಇದರ ಫಲಿತಾಂಶವನ್ನು ಆರು ವರ್ಗಗಳಲ್ಲಿ ನೀಡಲಾಗುತ್ತದೆ. ಎರಡನೆಯ ವರ್ಗವೆಂದರೆ ಸೌಮ್ಯ ಗಂಟು, ಆರನೆಯದು ಕ್ಯಾನ್ಸರ್. ತೊಡಕಿರುವುದು ಮೂರನೆಯ ಮತ್ತು ನಾಲ್ಕನೆಯ ವರ್ಗಗಳಲ್ಲಿ. 2023ರ ಪರಿಷ್ಕೃತ ಆವೃತ್ತಿಯ ಪ್ರಕಾರ ಇವುಗಳಲ್ಲಿ ಕ್ಯಾನ್ಸರ್‌ನ ಸಂಭವ ಸರಾಸರಿ ಕ್ರಮವಾಗಿ ಶೇ. 22 ಮತ್ತು ಶೇ. 30.

ಅನುಭವಿ ತಜ್ಞರೂ ಇಲ್ಲಿ ತಡವರಿಸಲು ಸಕಾರಣವಿದೆ. ಫಾಲಿಕ್ಯುಲರ್ ಎಂಬ ಬಗೆಯ ಗಂಟುಗಳಲ್ಲಿ ಸೌಮ್ಯ ಕೋಶವೂ ಕ್ಯಾನ್ಸರ್ ಕೋಶವೂ ನೋಡಲು ಒಂದೇ ತೆರನಾಗಿರುತ್ತವೆ. ಗಂಟಿನ ಸುತ್ತಲಿನ ಪೊರೆಯನ್ನು ಕೋಶಗಳು ಭೇದಿಸಿವೆಯೇ, ರಕ್ತನಾಳದೊಳಗೆ ನುಸುಳಿವೆಯೇ ಎಂಬುದರ ಮೇಲೆ ಕ್ಯಾನ್ಸರ್ ನಿರ್ಧಾರವಾಗುತ್ತದೆ. ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು ಮಾತ್ರ, ಪೊರೆ ಬರುವುದಿಲ್ಲ. ಮನೆಯವರನ್ನಷ್ಟೇ ಹೊರಗೆ ಕರೆತಂದು ನಿಲ್ಲಿಸಿ, ಮನೆಯ ಗೋಡೆ ಬಿರುಕು ಬಿಟ್ಟಿದೆಯೇ ಎಂದು ಊಹಿಸುವಂತಹ ಕೆಲಸವಿದು. ಆದುದರಿಂದ ಬಹುಕಾಲ ಇಂತಹ ರೋಗಿಗಳ ಗ್ರಂಥಿಯ ಅರ್ಧಭಾಗವನ್ನು ಕೇವಲ ರೋಗನಿರ್ಣಯಕ್ಕಾಗಿ ತೆಗೆಯಲಾಗುತ್ತಿತ್ತು. ಹೆಚ್ಚಿನವರಲ್ಲಿ ಅದು ಸೌಮ್ಯವೆಂದೇ ತಿಳಿದುಬರುತ್ತಿತ್ತು. ಧ್ವನಿಯ ನರಕ್ಕೆ ಪೆಟ್ಟಾಗುವ ಅಪಾಯ ಇದರಲ್ಲಿ ಅಲ್ಪವಾದರೂ ಇದ್ದೇ ಇದೆ. ಇಡೀ ಗ್ರಂಥಿಯನ್ನೇ ತೆಗೆದರಂತೂ ಜೀವನಪರ್ಯಂತ ಹಾರ್ಮೋನಿನ ಮಾತ್ರೆ ಅನಿವಾರ್ಯ.

ಕೋಶಸೂಚಕಗಳು ನೆರವಿಗೆ ಬರುವುದು ಈ ಸಂದರ್ಭದಲ್ಲಿ. ಕೋಶದ ಹೊರರೂಪ ಒಂದೇ ಆಗಿದ್ದರೂ ಒಳಗಿನ ಪ್ರೋಟೀನುಗಳು ಭಿನ್ನವಾಗಿರಬಹುದು. ಗ್ಯಾಲೆಕ್ಟಿನ್-3 ಅಂತಹ ಒಂದು ಪ್ರೋಟೀನು. ಆರೋಗ್ಯವಂತ ಥೈರಾಯ್ಡ್ ಕೋಶಗಳಲ್ಲಿ ಸಾಮಾನ್ಯವಾಗಿ ಕಾಣದ ಇದು ಕ್ಯಾನ್ಸರ್ ಕೋಶಗಳಲ್ಲಿ ಬಹುಮಟ್ಟಿಗೆ ಇರುತ್ತದೆ. ಇದನ್ನು ಮಾತ್ರ ಹುಡುಕಿ ಹಿಡಿಯುವ ಪ್ರತಿಕಾಯವನ್ನು ಲೇಪಿಸಿ ಬಣ್ಣ ಬರಿಸಿದರೆ, ಪ್ರೋಟೀನು ಇರುವ ಕೋಶಗಳು ಕಂದುಬಣ್ಣಕ್ಕೆ ತಿರುಗುತ್ತವೆ. 2008ರಲ್ಲಿ ಇಟಲಿಯ ಹಲವು ಕೇಂದ್ರಗಳ ವೈದ್ಯರು, ಸೂಜಿ ಪರೀಕ್ಷೆಯಲ್ಲಿ ಅನಿಶ್ಚಿತವೆನಿಸಿದ ಗಂಟುಗಳನ್ನು ಈ ವಿಧಾನದಿಂದ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶದಂತೆ, ಕ್ಯಾನ್ಸರ್‌ಗಳ ಪೈಕಿ ಶೇ. 78ನ್ನು ಇದು ಗುರುತಿಸಿತು. ಸೌಮ್ಯ ಗಂಟುಗಳ ಪೈಕಿ ಶೇ. 93ನ್ನು ಸೌಮ್ಯವೆಂದೇ ತೋರಿಸಿತು.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಅನಿಶ್ಚಿತ ವರ್ಗದ 100 ಗಂಟುಗಳಲ್ಲಿ 25 ಕ್ಯಾನ್ಸರ್ ಎಂದುಕೊಳ್ಳೋಣ. ಪರೀಕ್ಷೆಯು ಅವುಗಳಲ್ಲಿ ಸುಮಾರು 20ನ್ನು ಹಿಡಿಯುತ್ತದೆ, 5 ತಪ್ಪಿಹೋಗುತ್ತವೆ. 75 ಸೌಮ್ಯ ಗಂಟುಗಳಲ್ಲಿ ಸುಮಾರು 5ಕ್ಕೆ ಮಾತ್ರ ತಪ್ಪಾಗಿ ಕ್ಯಾನ್ಸರ್ ಶಂಕೆ ಬರುತ್ತದೆ. ಅದೇ ಪರೀಕ್ಷೆಯನ್ನು, ನೂರರಲ್ಲಿ 5 ಮಾತ್ರ ಕ್ಯಾನ್ಸರ್ ಇರುವ ಗಂಟುಗಳ ಮೇಲೆ ನಡೆಸಿದರೆ 4 ನಿಜವಾದ ಕ್ಯಾನ್ಸರ್‌ಗಳ ಜೊತೆಗೆ ಸುಮಾರು 7 ಸೌಮ್ಯ ಗಂಟುಗಳೂ ಶಂಕೆಗೆ ಗುರಿಯಾಗುತ್ತವೆ. ಪರೀಕ್ಷೆ ಅದೇ, ಅರ್ಥ ಬೇರೆ. ಕುತ್ತಿಗೆಯಲ್ಲಿ ಗಂಟಿರುವ ಪ್ರತಿಯೊಬ್ಬರೂ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಸರಿಯಲ್ಲವೆನ್ನುವುದು ಈ ಕಾರಣದಿಂದ.

ಪ್ರೋಟೀನುಗಳಲ್ಲದೆ ವಂಶವಾಹಿಗಳಲ್ಲಾದ ಬದಲಾವಣೆಗಳನ್ನೂ ಈಗ ಸೂಜಿಯ ಕೋಶಗಳಲ್ಲಿಯೇ ನೋಡಬಹುದು. ಬಿ-ರಾಫ್ ಎಂಬ ವಂಶವಾಹಿಯಲ್ಲಿ ವಿ600ಇ ಎಂಬ ಬದಲಾವಣೆ ಕಂಡುಬಂದರೆ ಅದು ಪ್ಯಾಪಿಲ್ಲರಿ ಕ್ಯಾನ್ಸರ್ ಎಂಬುದು ಬಹುಪಾಲು ಖಚಿತ. ಆದರೆ ಈ ಬದಲಾವಣೆ ಎಲ್ಲ ಕ್ಯಾನ್ಸರ್‌ಗಳಲ್ಲೂ ಇರದಾದ್ದರಿಂದ, ಅದು ಇಲ್ಲವೆಂದ ಮಾತ್ರಕ್ಕೆ ಗಂಟು ಸೌಮ್ಯವೆನ್ನಲಾಗದು. ರಾಸ್ ಎಂಬ ಗುಂಪಿನ ವಂಶವಾಹಿಗಳ ಬದಲಾವಣೆಯಾದರೋ ಸೌಮ್ಯ ಗಂಟುಗಳಲ್ಲಿಯೂ ಕಾಣುವುದುಂಟು. ವರದಿಯಲ್ಲಿ ‘ಪಾಸಿಟಿವ್’ ಎಂಬ ಪದವೊಂದನ್ನೇ ಕಂಡು ಗಾಬರಿಗೊಳ್ಳುವುದಕ್ಕಿಂತ, ಯಾವ ಸೂಚಕ ಪಾಸಿಟಿವ್ ಎಂದು ವೈದ್ಯರನ್ನು ಕೇಳುವುದು ಲೇಸು. ಅನೇಕ ವಂಶವಾಹಿಗಳನ್ನು ಒಟ್ಟಿಗೆ ನೋಡುವ ಪರೀಕ್ಷೆಗಳೂ ಇವೆ. ಅವು ದುಬಾರಿ, ಎಲ್ಲ ಊರುಗಳಲ್ಲಿ ದೊರೆಯುವುದೂ ಇಲ್ಲ.

ಸೂಚಕ ಕಾಣಲಿಲ್ಲವೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದವರು ವೈದ್ಯರು ಹೇಳಿದ ಅವಧಿಗೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಗಂಟು ಬೆಳೆದರೆ, ಧ್ವನಿ ಒಡೆದು ಹಾಗೆಯೇ ಉಳಿದರೆ, ನುಂಗಲು ಕಷ್ಟವಾದರೆ ಆ ಅವಧಿಗಾಗಿ ಕಾಯಬಾರದು. ಇನ್ನೊಂದು ಸಂಗತಿ: ಗ್ಯಾಲೆಕ್ಟಿನ್ ಪರೀಕ್ಷೆಗೆ, ಸೂಜಿಯಲ್ಲಿ ಬಂದ ಕೋಶಗಳನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು ಬಹಳ ಅನುಕೂಲ. ಬೇರೆ ಊರಿನ ಆಸ್ಪತ್ರೆಗೆ ಹೋಗುವವರು ಮೊದಲು ಪರೀಕ್ಷೆಯಾದ ಪ್ರಯೋಗಾಲಯದಿಂದ ಈ ಅಚ್ಚನ್ನೂ ಗಾಜಿನ ಸ್ಲೈಡುಗಳನ್ನೂ ವರದಿಯೊಂದಿಗೆ ಕೇಳಿ ಪಡೆದು ಒಯ್ದರೆ, ಎಷ್ಟೋ ವೇಳೆ ಎರಡನೆಯ ಬಾರಿ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.