ಗೋಕುವಿನ ಬಲಕ್ಕೊಂದು ಲೆಕ್ಕ

ಕೈಯಲ್ಲಿ ಕೋವಿ ಹಿಡಿದ ರೈತನೊಬ್ಬನ ಬಲ 5. ‘ಡ್ರ್ಯಾಗನ್ ಬಾಲ್’ ಕತೆಯಲ್ಲಿ ಅಂಕಿಯ ಅಳತೆಗೆ ಸಿಕ್ಕ ಮೊದಲ ಮನುಷ್ಯ ಅವನು. 1988ರಲ್ಲಿ ಆ ಕತೆಯೊಳಗೆ ಅನ್ಯಗ್ರಹದಿಂದ ಬಂದಿಳಿದ ರಾಡಿಟ್ಜ್ ಎಂಬ ಯೋಧ ತನ್ನ ಕಿವಿಗೆ ಸಿಕ್ಕಿಸಿಕೊಂಡ ಸ್ಕೌಟರ್ ಎಂಬ ಯಂತ್ರದ ಗಾಜಿನಲ್ಲಿ ರೈತನನ್ನು ನೋಡುತ್ತಾನೆ, ಐದು ಎಂದು ಓದಿ ನಗುತ್ತಾನೆ. ಅಂದು ಶುರುವಾದ ಎಣಿಕೆ ಇನ್ನೂ ಮುಗಿದಿಲ್ಲ. ಯಾರ ಬಲ ಎಷ್ಟು, ಯಾರು ಯಾರನ್ನು ಸೋಲಿಸಬಲ್ಲರು ಎಂದು ಮೂರೂವರೆ ದಶಕಗಳಿಂದ ಜಗತ್ತಿನಾದ್ಯಂತ ಅಭಿಮಾನಿಗಳು ವಾದಿಸುತ್ತಲೇ ಇದ್ದಾರೆ. ಇದಕ್ಕೆ ಅವರು ಇಟ್ಟ ಹೆಸರು ಪವರ್ ಸ್ಕೇಲಿಂಗ್.

ಅಕಿರಾ ತೊರಿಯಾಮಾ ಬರೆದು ಚಿತ್ರಿಸಿದ ‘ಡ್ರ್ಯಾಗನ್ ಬಾಲ್’ ಮಾಂಗಾ, ಅಂದರೆ ಜಪಾನಿ ಚಿತ್ರಕತೆ, 1984ರ ಕೊನೆಯಲ್ಲಿ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಶುರುವಾಯಿತು. 1995ರವರೆಗೆ ನಡೆದು 519 ಕಂತುಗಳಿಗೆ ಮುಗಿಯಿತು. ತೋಎ ಆನಿಮೇಷನ್ ಸಂಸ್ಥೆ ಅದನ್ನು 1986ರಿಂದ ಟಿವಿಗೆ ತಂದಿತು. 1989ರಿಂದ 1996ರವರೆಗೆ ಪ್ರಸಾರವಾದ ‘ಡ್ರ್ಯಾಗನ್ ಬಾಲ್ ಝಡ್’ ಒಂದರದ್ದೇ 291 ಕಂತುಗಳು. ಆಮೇಲೆ ‘ಜಿಟಿ’, 2015ರಿಂದ 2018ರವರೆಗೆ ‘ಸೂಪರ್’, ನಡುನಡುವೆ ಸಿನಿಮಾಗಳು. ಭಾರತದಲ್ಲಿ 2000ರ ದಶಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ಚಾನೆಲ್ ‘ಝಡ್’ ಸರಣಿಯನ್ನು ಪ್ರಸಾರ ಮಾಡಿತು. ಆಗ ಶಾಲೆಗೆ ಹೋಗುತ್ತಿದ್ದ ಕನ್ನಡದ ಮಕ್ಕಳೂ ಈ ವಾದಕ್ಕಿಳಿದದ್ದು ಅಲ್ಲಿಂದಲೇ.

ಕತೆಯ ಮೊದಲ ಭಾಗದಲ್ಲಿ ಅಂಕಿಗಳೇ ಇರಲಿಲ್ಲ. ಕತೆಯ ನಾಯಕ, ಬಾಲಕ ಗೋಕು ಗುರುವಿನ ಬಳಿ ಪಳಗಿ, ಕುಸ್ತಿಯ ಕಣದಲ್ಲಿ ಸೋತು, ಮತ್ತೆ ಪಳಗಿ ಬಂದು ಗೆಲ್ಲುತ್ತಿದ್ದ. ಯಾರು ದೊಡ್ಡವರು ಎಂಬುದನ್ನು ಪಂದ್ಯವೇ ಹೇಳುತ್ತಿತ್ತು. ರಾಡಿಟ್ಜ್ ಬಂದ ಮೇಲೆ ಪಂದ್ಯಕ್ಕೆ ಮುಂಚೆಯೇ ಫಲಿತಾಂಶ ಹೇಳುವ ಯಂತ್ರವೊಂದು ಕತೆಯೊಳಗೆ ಬಂದಂತಾಯಿತು. ಭಾರದ ಬಟ್ಟೆ ತೊಟ್ಟ ಗೋಕುವಿನ ಬಲ 334, ಅವನ ಜೊತೆ ನಿಂತ ಪಿಕೊಲೊನದು 322. ಭಾರ ಕಳಚಿದರೆ 416 ಮತ್ತು 408. ಇಷ್ಟು ಕಡಿಮೆಯೇ ಎಂದು ರಾಡಿಟ್ಜ್‌ಗೆ ತಾತ್ಸಾರ. ಆದರೆ ಗೋಕು ಎರಡು ಅಂಗೈ ಜೋಡಿಸಿ ಕಾಮೆಹಾಮೆಹಾ ಅಸ್ತ್ರಕ್ಕೆ ಶಕ್ತಿ ತುಂಬುತ್ತಿದ್ದಂತೆ ಯಂತ್ರದ ಅಂಕಿ 924ಕ್ಕೆ ಏರುತ್ತದೆ. ಅಳುತ್ತಿದ್ದ ಗೋಕುವಿನ ಪುಟ್ಟ ಮಗ ಗೋಹಾನ್‌ನ ಬಲ ಸಿಟ್ಟು ಬಂದ ಕ್ಷಣದಲ್ಲಿ ಸಾವಿರ ದಾಟುತ್ತದೆ. ಭೂಮಿಯವರು ಬಲವನ್ನು ಅಡಗಿಸಬಲ್ಲರು, ಒಂದೇ ಕಡೆ ಒಟ್ಟುಗೂಡಿಸಬಲ್ಲರು. ಯಂತ್ರಕ್ಕೆ ಅದು ತಿಳಿಯದು. ಸ್ಕೌಟರ್ ನಂಬಿದವನು ಸಾಯುತ್ತಾನೆ. ನೇರವಾಗಿ ಓದಿದರೆ ತೊರಿಯಾಮಾ ಅಂಕಿಗಳನ್ನು ತಂದದ್ದೇ ಅವು ಕೆಲಸಕ್ಕೆ ಬಾರವು ಎಂದು ತೋರಿಸಲು.

ಓದುಗರಿಗೆ ಮಾತ್ರ ಅಂಕಿಗಳೇ ರುಚಿಸಿದವು. ಅದಕ್ಕೆ ಕಾರಣವೂ ಇದೆ: ಮುಂದಿನ ಕೆಲವು ಯುದ್ಧಗಳಲ್ಲಿ ಲೆಕ್ಕ ಸೊಗಸಾಗಿ ತಾಳೆಯಾಗುತ್ತದೆ. ರಾಡಿಟ್ಜ್‌ನ ನಂತರ ಭೂಮಿಗೆ ಬಂದ ವೆಜಿಟಾ ಎಂಬ ಯೋಧನ ಬಲ 18,000. ಗೋಕುವಿನದು ಎಂಟು ಸಾವಿರಕ್ಕೆ ಮೇಲು. ಗೋಕು ಕಲಿತು ಬಂದ ಕಾಯೋಕೆನ್ ಎಂಬ ವಿದ್ಯೆ ಬಲವನ್ನು ಇಷ್ಟು ಪಟ್ಟು ಎಂದು ಹೆಚ್ಚಿಸುತ್ತದೆ. ಎರಡು ಪಟ್ಟಾದರೆ 16,000, ಅದು ಸಾಲದು. ಮೂರು ಪಟ್ಟಾದರೆ 24,000, ಅದು ಮೇಲಾಗಬೇಕು. ಕತೆಯಲ್ಲಿ ಆಗುವುದೂ ಹಾಗೆಯೇ. ಎರಡು ಪಟ್ಟಿನಲ್ಲಿ ಹಿಂದೆ ಬಿದ್ದ ಗೋಕು, ಮೂರು ಪಟ್ಟಿನಲ್ಲಿ ವೆಜಿಟಾನನ್ನು ಹಿಮ್ಮೆಟ್ಟಿಸುತ್ತಾನೆ. ಹತ್ತು ಹನ್ನೆರಡು ವರ್ಷದ ಓದುಗನಿಗೆ ಗುಣಾಕಾರದಿಂದ ಯುದ್ಧದ ಫಲ ತಿಳಿಯಬಹುದು ಎಂದಾದರೆ, ಆ ಆಟವನ್ನು ಅವನು ಸುಲಭವಾಗಿ ಬಿಡುವುದಿಲ್ಲ. ಅದೇ ಕಾಲಕ್ಕೆ ಜಪಾನಿನ ಮಕ್ಕಳು ‘ಡ್ರ್ಯಾಗನ್ ಕ್ವೆಸ್ಟ್’ ವಿಡಿಯೊ ಗೇಮ್ ಆಡುತ್ತ ಲೆವೆಲ್ ಏರಿಸಿಕೊಳ್ಳುತ್ತಿದ್ದರು; 1986ರಲ್ಲಿ ಬಂದ ಆ ಆಟದ ಪಾತ್ರಗಳನ್ನು, ರಾಕ್ಷಸರನ್ನು ಚಿತ್ರಿಸಿದವರೂ ತೊರಿಯಾಮಾ ಅವರೇ. (ಅಂದಹಾಗೆ ಗೋಕುವಿನ ಆ ಎಂಟು ಸಾವಿರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಒಂಬತ್ತು ಸಾವಿರವಾಯಿತು. ಅದನ್ನು ವೆಜಿಟಾ ಕಿರುಚಿ ಹೇಳುವ ತುಣುಕು 2006ರಿಂದೀಚೆಗೆ ಅಂತರ್ಜಾಲದ ಅತಿ ಪ್ರಸಿದ್ಧ ನಗೆಚಟಾಕಿಗಳಲ್ಲೊಂದು.)

ಕತೆ ನಮೆಕ್ ಗ್ರಹಕ್ಕೆ ಹೋದ ಮೇಲೆ ಅಂಕಿಗಳಿಗೆ ಹಿಡಿತವೇ ಇಲ್ಲದಾಯಿತು. ಖಳನಾಯಕ ಫ್ರೀಜಾ ತನ್ನ ಬಲ 5,30,000 ಎಂದು ತಾನೇ ಹೇಳಿಕೊಳ್ಳುತ್ತಾನೆ. ರೂಪ ಬದಲಿಸಿದಾಗ ಹತ್ತು ಲಕ್ಷ ಮೀರುತ್ತದೆ ಎನ್ನುತ್ತಾನೆ. ಅದರ ನಂತರ ಅವನು ಇನ್ನೆರಡು ಸಲ ರೂಪಾಂತರ ಹೊಂದಿದರೂ ಮಾಂಗಾದಲ್ಲಿ ಅಂಕಿ ಬರುವುದಿಲ್ಲ. ಸ್ಕೌಟರ್‌ಗಳು ಒಡೆದುಹೋದವು, ನಾಯಕರು ಎದುರಾಳಿಯ ಬಲವನ್ನು ಯಂತ್ರವಿಲ್ಲದೆ ಅನುಭವದಿಂದಲೇ ಗ್ರಹಿಸತೊಡಗಿದರು. ತೊರಿಯಾಮಾ ಏಣಿಯನ್ನು ಉಳಿಸಿಕೊಂಡು ಅದರ ಮೆಟ್ಟಿಲುಗಳ ಮೇಲಿನ ಸಂಖ್ಯೆಯನ್ನು ಅಳಿಸಿಬಿಟ್ಟರು. ಇಂದಿನ ವಾದಗಳೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಖಾಲಿ ಜಾಗ ತುಂಬುವ ಮೊದಲ ದೊಡ್ಡ ಪ್ರಯತ್ನ ಪ್ರಕಾಶಕರದೇ. ಮಾಂಗಾ ಮುಗಿದ ಬೆನ್ನಿಗೆ ಶೂಎಶಾ ಸಂಸ್ಥೆ ‘ದೈಜೆನ್‌ಶೂ’ ಎಂಬ ಕೈಪಿಡಿಗಳ ಮಾಲೆಯನ್ನು ಹೊರತಂದಿತು. 1996ರ ಏಳನೇ ಸಂಪುಟದಲ್ಲಿ ಫ್ರೀಜಾನ ಪೂರ್ಣ ಬಲ 12 ಕೋಟಿ, ಗೋಕುವಿನ ಸಹಜ ಬಲ 30 ಲಕ್ಷ, ಚಿನ್ನದ ಕೂದಲಿನ ಸೂಪರ್ ಸೈಯನ್ ರೂಪ ಅದರ 50 ಪಟ್ಟು, ಅಂದರೆ 15 ಕೋಟಿ ಎಂದು ಕೊಟ್ಟಿದೆ. 30 ಲಕ್ಷವನ್ನು ಗೋಕು ಆ ಯುದ್ಧದಲ್ಲಿ ಬಳಸಿದ 20 ಪಟ್ಟಿನ ಕಾಯೋಕೆನ್‌ನಿಂದ ಗುಣಿಸಿದರೆ ಆರು ಕೋಟಿ, ಸರಿಯಾಗಿ ಫ್ರೀಜಾನ ಅರ್ಧ. ಇಷ್ಟು ಅಚ್ಚುಕಟ್ಟಾದ ಲೆಕ್ಕ ನೋಡಿದರೆ, ಕತೆಯ ಘಟನೆಗಳನ್ನು ಮುಂದಿಟ್ಟುಕೊಂಡು ಹಿಂದಿನಿಂದ ಅಂಕಿ ಕಟ್ಟಿದಂತೆಯೇ ಕಾಣುತ್ತದೆ. ಕೈಪಿಡಿಯ ಮಾತನ್ನು ಪ್ರಮಾಣವೆಂದು ಒಪ್ಪಬೇಕೇ, ಬೇಡವೇ ಎಂಬಲ್ಲಿ ಅಭಿಮಾನಿಗಳು ಇಂದಿಗೂ ಎರಡು ಪಂಗಡ.

ಪವರ್ ಸ್ಕೇಲಿಂಗ್‌ನ ಒಳಹೂರಣವೂ ಇದೇ. ಮೇಲ್ನೋಟಕ್ಕೆ ಜಗಳ ಬಲದ ಬಗ್ಗೆ. ನಿಜವಾದ ಜಗಳ ಯಾವುದನ್ನು ಸಾಕ್ಷಿ ಎಂದು ಒಪ್ಪಬೇಕು ಎಂಬುದರ ಬಗ್ಗೆ. ಪಾತ್ರದ ಬಾಯಲ್ಲಿ ಬಂದ ಮಾತು ಒಂದು ಸಾಕ್ಷಿ, ಆದರೆ ಪಾತ್ರ ಜಂಬ ಕೊಚ್ಚಿರಬಹುದು. ಪಾತ್ರ ಕಣ್ಣೆದುರು ಮಾಡಿ ತೋರಿಸಿದ ಸಾಹಸ ಇನ್ನೊಂದು. ಇದನ್ನು ಫೀಟ್ ಎನ್ನುತ್ತಾರೆ. ಅ ಎಂಬವನು ಆ ಎಂಬವನನ್ನು ಸೋಲಿಸಿದ, ಆ ಎಂಬವನು ಇ ಎಂಬವನನ್ನು ಸೋಲಿಸಿದ್ದ, ಹಾಗಾಗಿ ಅ ಎಂಬವನು ಇ ಎಂಬವನಿಗಿಂತ ದೊಡ್ಡವನು ಎಂಬ ಸರಪಳಿ ತರ್ಕ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ, ಎಲ್ಲಕ್ಕಿಂತ ಬೇಗ ಕಡಿದುಹೋಗುವುದೂ ಅದೇ. ಆಂಡ್ರಾಯ್ಡ್ 19 ಎಂಬ ಯಂತ್ರಮಾನವ ಗೋಕುವನ್ನು ನೆಲಕ್ಕೆ ಕೆಡವುತ್ತದೆ, ವೆಜಿಟಾ ಅದೇ ಆಂಡ್ರಾಯ್ಡನ್ನು ಪುಡಿಮಾಡುತ್ತಾನೆ. ಸರಪಳಿಯ ಪ್ರಕಾರ ವೆಜಿಟಾ ಬಹಳ ಮೇಲೆ. ಆದರೆ ಅಂದು ಗೋಕು ಹೃದಯರೋಗದಿಂದ ಕುಸಿಯುತ್ತಿದ್ದ.

ಫೀಟ್‌ಗಳದ್ದು ಇನ್ನೂ ದೊಡ್ಡ ಫಜೀತಿ. ಮುದಿ ಗುರು ಮಾಸ್ಟರ್ ರೋಶಿ ಕತೆಯ ಆರಂಭಕಾಲದಲ್ಲೇ ಒಂದು ಕಾಮೆಹಾಮೆಹಾದಿಂದ ಚಂದ್ರನನ್ನು ಸಿಡಿಸಿಬಿಟ್ಟಿದ್ದಾನೆ. ದೈತ್ಯ ವಾನರನಾಗಿದ್ದ ಗೋಕುವನ್ನು ಮೊದಲಿನಂತೆ ಮಾಡಲು ಅವನಿಗೆ ಬೇರೆ ದಾರಿ ಇರಲಿಲ್ಲ. ವರ್ಷಗಳ ನಂತರ ಗೋಕುವಿನ ಗೆಳತಿ ಬುಲ್ಮಾ ದುರಸ್ತಿ ಮಾಡಿದ ಸ್ಕೌಟರ್‌ನಲ್ಲಿ ಅವನ ಬಲ 139 ಎಂದು ಬರುತ್ತದೆ. 139 ಇದ್ದವನು ಚಂದ್ರನನ್ನು ಒಡೆಯಬಲ್ಲನಾದರೆ, ಕೋಟಿಗಟ್ಟಲೆ ಬಲದವರು ಹೊಡೆದಾಡುವಾಗ ಗುಡ್ಡಗಳು ಮಾತ್ರ ಏಕೆ ಉರುಳುತ್ತವೆ? ಶಕ್ತಿಯನ್ನು ಒಂದೇ ಬಿಂದುವಿಗೆ ಒತ್ತಿ ಹಿಡಿಯುವುದೇ ಅವರ ಕೌಶಲ ಎಂದು ಕೆಲವರ ಉತ್ತರ. ಚಂದ್ರನ ಪ್ರಸಂಗ ತಮಾಷೆಯ ಕಾಲದ್ದು, ಅದನ್ನು ಲೆಕ್ಕದಿಂದ ಬಿಡಿ ಎಂದು ಇನ್ನು ಕೆಲವರು. ಹೀಗೆ ಬದಿಗಿಡುವ ಘಟನೆಗೆ ಔಟ್‌ಲೈಯರ್ ಎಂಬ ಹೆಸರಿದೆ. ತನ್ನ ವಾದಕ್ಕೆ ಒಗ್ಗದ್ದೆಲ್ಲ ಔಟ್‌ಲೈಯರ್ ಆಗಿಬಿಡುವ ಅಪಾಯವೂ ಇಲ್ಲಿದೆ. ಅದೇ ರೋಶಿ ‘ಸೂಪರ್’ ಮಾಂಗಾದಲ್ಲಿ, ದೇವತೆಗಳನ್ನೇ ನಡುಗಿಸುವ ಜೀರೆನ್‌ನ ಹೊಡೆತಗಳಿಂದ ನಯವಾಗಿ ತಪ್ಪಿಸಿಕೊಳ್ಳುತ್ತಾನೆ. 2015ರ ಸಿನಿಮಾದಲ್ಲಿ ದೈವೀ ಬಲ ಪಡೆದ ಗೋಕುವಿನ ಎದೆಯನ್ನು ಫ್ರೀಜಾನ ಪಡೆಯವನೊಬ್ಬನ ಉಂಗುರದ ಕಿರಣ ತೂತು ಮಾಡುತ್ತದೆ. ಗೋಕು ಮೈಮರೆತಿದ್ದ ಎಂಬುದು ಸಮಜಾಯಿಷಿ. ಸಮಜಾಯಿಷಿ ಕತೆಯೊಳಗೇ ಇದೆ, ಆದರೂ ಲೆಕ್ಕಿಗರಿಗೆ ಸಮಾಧಾನವಿಲ್ಲ.

ಮೂಲದಲ್ಲಿ ಇಂಥ ಒಡಕುಗಳಿಗೆ ಕಾರಣ ಕತೆ ಹುಟ್ಟಿದ ರೀತಿ. ತೊರಿಯಾಮಾ ಮುಂದಿನ ಯೋಜನೆ ಇಟ್ಟುಕೊಂಡು ಬರೆದವರಲ್ಲ. ವಾರವಾರದ ಗಡುವಿಗೆ ಕತೆ ಕಟ್ಟುತ್ತಿದ್ದರು, ತಾವೇ ಸೃಷ್ಟಿಸಿದ ಪಾತ್ರವನ್ನು ಮರೆತದ್ದೂ ಉಂಟು. ಮೊದಲ ಸಂಪಾದಕ ಕಜುಹಿಕೊ ತೊರಿಶಿಮಾ, ಹೊಸ ಖಳರಾದ ಆಂಡ್ರಾಯ್ಡ್ 19 ಮತ್ತು 20 ಒಬ್ಬ ದಡೂತಿ, ಒಬ್ಬ ಮುದುಕ ಎಂದು ಮೂಗು ಮುರಿದರು. ಅದಕ್ಕೆ 17 ಮತ್ತು 18 ಬಂದರು. ಅವರೂ ಹಿಡಿಸದೆ ಸೆಲ್ ಬಂದ. ಸೆಲ್‌ನ ರೂಪ ಚೆನ್ನಾಗಿಲ್ಲವೆಂದು ಆಗಿನ ಸಂಪಾದಕ ಯೂ ಕೊಂಡೊ ಹೇಳಿದ್ದರಿಂದ ಅವನ ರೂಪವೂ ಬೇಗ ಬದಲಾಯಿತು. ಒಬ್ಬರಿಗಿಂತ ಒಬ್ಬರು ಬಲಿಷ್ಠರಾದ ಖಳರ ಸಾಲು ಮೂಡಿದ್ದು ಹೀಗೆ, ಪತ್ರಿಕಾ ಕಚೇರಿಯ ಮಾತುಕತೆಯಲ್ಲಿ. ಸೂಪರ್ ಸೈಯನ್‌ನ ಕೂದಲು ಚಿನ್ನದ ಬಣ್ಣಕ್ಕೆ ತಿರುಗಿದ್ದರಲ್ಲೂ ಒಂದು ಗುಟ್ಟಿದೆ: ಕಪ್ಪು-ಬಿಳುಪು ಪುಟದಲ್ಲಿ ಕೂದಲಿಗೆ ಶಾಯಿ ತುಂಬುವ ಕೆಲಸ ಉಳಿಯಲಿ ಎಂಬುದೂ ಕಾರಣವಾಗಿತ್ತೆಂದು ತೊರಿಯಾಮಾ ಹೇಳಿದ್ದಾರೆ. ಅಭಿಮಾನಿಗಳು ಅದೇ ಕೂದಲನ್ನು 50ರ ಗುಣಕವಾಗಿ ಓದುತ್ತಾರೆ.

ಇದನ್ನೆಲ್ಲ ಕೇಳಿ ನಗುವ ಮುನ್ನ ಮಹಾಭಾರತದ ಉದ್ಯೋಗಪರ್ವವನ್ನು ನೆನೆಯಬಹುದು. ಅಲ್ಲಿ ಭೀಷ್ಮ ಎರಡೂ ಪಾಳೆಯದ ವೀರರನ್ನು ರಥ, ಅತಿರಥ ಎಂದು ವಿಂಗಡಿಸುತ್ತ ಕರ್ಣನನ್ನು ಅರ್ಧರಥ ಎಂದುಬಿಡುತ್ತಾನೆ. ಭೀಷ್ಮ ಇರುವವರೆಗೆ ತಾನು ಯುದ್ಧಕ್ಕಿಳಿಯೆ ಎಂದು ಕರ್ಣ ಹಠ ಹಿಡಿಯುತ್ತಾನೆ. ಆ ತೀರ್ಪು ಸರಿಯೇ ಎಂಬ ಚರ್ಚೆ ಇಂದಿಗೂ ಜಗಲಿಗಳಲ್ಲಿ ನಡೆಯುತ್ತದೆ.

ಮಾಂಗಾ ಮತ್ತು ಟಿವಿ ಸರಣಿ ಬೇರೆ ಬೇರೆ ದಾರಿ ಹಿಡಿದದ್ದು ತೊಡಕನ್ನು ಇಮ್ಮಡಿಸಿತು. ‘ಝಡ್’ ಸರಣಿ ಮಾಂಗಾವನ್ನು ಹಿಂದಿಕ್ಕದಿರಲೆಂದು ತೋಎ ತಾನೇ ಸೇರಿಸಿದ ಕಂತುಗಳಿಗೆ ಫಿಲ್ಲರ್ ಎನ್ನುತ್ತಾರೆ. ಅವುಗಳಲ್ಲಿನ ಸೋಲು ಗೆಲುವು ಲೆಕ್ಕಕ್ಕಿಲ್ಲ ಎಂಬುದು ಬಹುಮತ. ‘ಸೂಪರ್’ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ತೊರಿಯಾಮಾ ಕೊಟ್ಟ ಹಂದರವನ್ನು ತೋಎ ಟಿವಿಗೆ ಒಂದು ರೀತಿ ಬೆಳೆಸಿತು, ತೊಯೊತಾರೊ ಮಾಂಗಾದಲ್ಲಿ ಇನ್ನೊಂದು ರೀತಿ ಚಿತ್ರಿಸಿದರು. ಹಿಟ್ ಎಂಬ ಹಂತಕನ ಎದುರು ಟಿವಿಯ ಗೋಕು ನೀಲಿ ಕೂದಲಿನ ರೂಪದ ಮೇಲೆ ಹತ್ತು ಪಟ್ಟಿನ ಕಾಯೋಕೆನ್ ಹೇರಿಕೊಳ್ಳುತ್ತಾನೆ; ಮಾಂಗಾದ ಗೋಕು ಹಾಗೆ ಮಾಡುವುದಿಲ್ಲ. ಇದರಿಂದ ಅನುಭವಸ್ಥ ವಾದಿಗಳು ಮಾತಿಗೆ ತೊಡಗುವ ಮೊದಲೇ ಯಾವ ಗೋಕು ಎಂದು ಕೇಳುತ್ತಾರೆ.

ಲೇಖಕರನ್ನೇ ಕೇಳಿದರೆ? 2013ರಲ್ಲಿ ವಿನಾಶದೇವತೆ ಬೀರಸ್‌ನನ್ನು ಪರಿಚಯಿಸಿದ ಸಿನಿಮಾ ಬಂದಾಗ ತೊರಿಯಾಮಾ ಒಂದು ಅಂದಾಜು ಕೊಟ್ಟಿದ್ದರು: ದೇವರೂಪದ ಗೋಕು 6 ಆದರೆ ಬೀರಸ್ 10, ಅವನ ಗುರು ವಿಸ್ 15. ಕೋಟಿಗಳನ್ನು ದಾಟಿದ್ದ ಲೆಕ್ಕ ಒಂದೆರಡು ಅಂಕಿಗೆ ಇಳಿದಿತ್ತು. ಈ 6, 10, 15 ನೇರ ಅಳತೆಯೇ ಅಥವಾ ಒಂದೊಂದು ಅಂಕೆಯ ನಡುವೆಯೂ ಅಪಾರ ಅಂತರವಿದೆಯೇ ಎಂಬುದು ಮತ್ತೊಂದು ವಾದಕ್ಕೆ ದಾರಿಯಾಯಿತು.

ಬೇರೆ ಕತೆಗಳ ವೀರರೊಂದಿಗೆ ಗೋಕುವನ್ನು ಜೋಡಿಸುವ ಚಟವೂ ಬೆಳೆದಿದೆ. ‘ಡೆತ್ ಬ್ಯಾಟಲ್’ ಎಂಬ ಅಂತರ್ಜಾಲ ಕಾರ್ಯಕ್ರಮ 2013ರಲ್ಲೂ 2015ರಲ್ಲೂ ಗೋಕು ಮತ್ತು ಸೂಪರ್‌ಮ್ಯಾನ್ ನಡುವೆ ಕಾಳಗ ಏರ್ಪಡಿಸಿ ಎರಡು ಸಲವೂ ಸೂಪರ್‌ಮ್ಯಾನ್‌ಗೆ ಗೆಲುವು ಕೊಟ್ಟಿತು. ಗೋಕು ಪಕ್ಷದವರು ಅದನ್ನು ಇನ್ನೂ ಕ್ಷಮಿಸಿಲ್ಲ. ಈ ಹೋಲಿಕೆ ಎಲ್ಲಕ್ಕಿಂತ ಸಡಿಲವಾದದ್ದು, ಏಕೆಂದರೆ ಎರಡು ಕತೆಗಳ ಅಳತೆಗೋಲೇ ಬೇರೆ. ಒಬ್ಬನು ಸೋತು ಬೆಳೆಯಲೆಂದೇ ಹುಟ್ಟಿದವನು, ಇನ್ನೊಬ್ಬನು ಹುಟ್ಟುವಾಗಲೇ ಬಲಶಾಲಿ.

ಈ ಬಿಸಿ ಮನೆಯೊಳಗೆ ಮಾತ್ರ ಉಳಿದಿಲ್ಲ. 2018ರ ಮಾರ್ಚ್‌ನಲ್ಲಿ ‘ಸೂಪರ್’ ಸರಣಿಯಲ್ಲಿ ಗೋಕು ಮತ್ತು ಜೀರೆನ್ ನಡುವಿನ ಅಂತಿಮ ಹೋರಾಟದ ಕಂತುಗಳನ್ನು ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕದ ಇತರ ದೇಶಗಳ ನಗರಗಳಲ್ಲಿ ಚೌಕದ ಪರದೆಗಳ ಮೇಲೆ ಜನಜಂಗುಳಿಗೆ ತೋರಿಸಲಾಯಿತು. ಅನುಮತಿಯಿಲ್ಲದ ಪ್ರದರ್ಶನಗಳಿಗೆ ತೋಎ ಆಕ್ಷೇಪಣೆ ಹೊರಡಿಸಬೇಕಾಯಿತು.

ತೊರಿಯಾಮಾ 2024ರ ಮಾರ್ಚ್ 1ರಂದು, 68ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕತೆ ಕೊಟ್ಟಿದ್ದ ‘ಡ್ರ್ಯಾಗನ್ ಬಾಲ್ ದೈಮಾ’ ಅದೇ ವರ್ಷದ ಅಕ್ಟೋಬರ್‌ನಿಂದ 2025ರ ಫೆಬ್ರವರಿಯವರೆಗೆ 20 ಕಂತುಗಳಲ್ಲಿ ಪ್ರಸಾರವಾಯಿತು. ಕಾಲದ ದೃಷ್ಟಿಯಿಂದ ಅದು ‘ಸೂಪರ್’ಗೆ ಮುಂಚಿನ ಕತೆ. ಅದರಲ್ಲಿ ವೆಜಿಟಾ ಸೂಪರ್ ಸೈಯನ್ 3 ಆಗುತ್ತಾನೆ, ಗೋಕು ಸೂಪರ್ ಸೈಯನ್ 4ರ ರೂಪ ತಾಳುತ್ತಾನೆ. ನಂತರ ನಡೆಯುವ ‘ಸೂಪರ್’ ಕತೆಯಲ್ಲಿ ಬೀರಸ್‌ನಿಂದ ಪೆಟ್ಟು ತಿನ್ನುವಾಗಲೂ ಇಬ್ಬರೂ ಆ ರೂಪಗಳ ಸುದ್ದಿ ಎತ್ತುವುದಿಲ್ಲ. ಗೋಕುವಿನ ಈ ಹೊಸ ರೂಪ ಸೂಪರ್ ಸೈಯನ್ 3ಕ್ಕೂ ದೇವರೂಪಕ್ಕೂ ನಡುವೆ ಎಲ್ಲಿ ನಿಲ್ಲಬೇಕು, ‘ಜಿಟಿ’ಯ ಹಳೆಯ ಸೂಪರ್ ಸೈಯನ್ 4 ಜೊತೆ ಅದನ್ನು ತೂಗಬಹುದೇ ಎಂಬುದರ ಮೇಲೆ ಈಗ ಎರಡು ಕಡೆಯೂ ಪಟ್ಟಿಗಳು ತಯಾರಾಗಿವೆ.