ಎತ್ತಲು ಜಾಕು, ಹೊರಲು ಪಿನ್ನು

ಸ್ಕೂಟರಿನ ಹಿಂದಿನ ಗಾಲಿಯ ಅಕ್ಸಲ್ ನೆಲದಿಂದ ಹೆಚ್ಚೆಂದರೆ ಒಂದು ಗೇಣು ಮೇಲಿರುತ್ತದೆ. ಎಂಜಿನ್ ಆಯಿಲ್ ಇಳಿಸುವ ಬೋಲ್ಟು ಅದಕ್ಕಿಂತಲೂ ಕೆಳಗೆ. ಬೆಲ್ಟಿನ ಕವರು, ಬ್ರೇಕ್ ಶೂ, ಸೈಲೆನ್ಸರಿನ ನಟ್ಟು, ನಡು ಸ್ಟ್ಯಾಂಡಿನ ಸ್ಪ್ರಿಂಗು, ಹೀಗೆ ಪದೇ ಪದೇ ಕೈ ಹಚ್ಚಬೇಕಾದ ಭಾಗಗಳೆಲ್ಲ ಮೊಣಕಾಲಿನ ಕೆಳಗೇ ಇವೆ. ಹಾಗಾಗಿ ನಮ್ಮ ಕಡೆ ಸ್ಕೂಟರ್ ರಿಪೇರಿ ಎಂದರೆ ಗೋಣಿಚೀಲ ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ. ಹಾನಗಲ್ಲಿನ ಬಸ್ ನಿಲ್ದಾಣದ ಸುತ್ತಮುತ್ತ ಇರಲಿ, ಅಕ್ಕಿಆಲೂರಿನ ಪೇಟೆಯಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿರಲಿ, ಮೆಕ್ಯಾನಿಕ್ ಕೂತಿರುತ್ತಾನೆ, ಗಿರಾಕಿ ನಿಂತಿರುತ್ತಾನೆ. ಇಪ್ಪತ್ತು ವರ್ಷ ಹೀಗೆ ಕೂತವರಿಗೆ ಮೊಣಕಾಲು ನೋವು ಬಿಡುವುದಿಲ್ಲ, ಸೊಂಟ ಏಳಗೊಡುವುದಿಲ್ಲ.

ಮನೆಯಲ್ಲೇ ತಮ್ಮ ಗಾಡಿ ನೋಡಿಕೊಳ್ಳುವವರದೂ ಇದೇ ಪಾಡು. ಹಾನಗಲ್ ಅರೆಮಲೆನಾಡಿನ ತಾಲ್ಲೂಕು. ಮಳೆ ಹಿಡಿದರೆ ಗದ್ದೆಯ ಅರಲು ಗಾಡಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ, ಮಡ್‌ಗಾರ್ಡಿನೊಳಗೆ ಒಣಗಿ ಗಟ್ಟಿಯಾಗುತ್ತದೆ, ಸೈಲೆನ್ಸರನ್ನೂ ಸ್ಟ್ಯಾಂಡನ್ನೂ ತುಕ್ಕು ತಿನ್ನುತ್ತದೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಹಸಿಹುಲ್ಲಿನ ಹೊರೆ ಎಲ್ಲವನ್ನೂ ಹೊರುವುದು ಇದೇ ಸ್ಕೂಟರು, ಇದೇ ಎಕ್ಸೆಲ್ ಮೊಪೆಡ್. ಇಷ್ಟು ದುಡಿಯುವ ಗಾಡಿಯ ಅಡಿಭಾಗವನ್ನು ತೊಳೆದು, ನೋಡಿ, ಗ್ರೀಸು ಹಚ್ಚಿ ಇಡುವವರು ಕಡಿಮೆ. ಅದಕ್ಕೆ ಸೋಮಾರಿತನ ಕಾರಣವಲ್ಲ. ಅಲ್ಲಿಗೆ ಕಣ್ಣೂ ಕೈಯೂ ಸಲೀಸಾಗಿ ಹೋಗುವುದಿಲ್ಲ, ಅಷ್ಟೇ.

ಗಾಡಿಯನ್ನೇ ಸೊಂಟದ ಎತ್ತರಕ್ಕೆ ತಂದರೆ ಈ ತೊಂದರೆ ಮುಗಿಯುತ್ತದೆ. ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರಿನಲ್ಲಿ ಕಾಣುವ ಲಿಫ್ಟು ಮಾಡುವುದು ಇದನ್ನೇ. ಅದನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಟ್ರ್ಯಾಕ್ಟರಿನ ಟ್ರಾಲಿ, ರೆಂಟೆ, ಕೂರಿಗೆಗಳನ್ನು ಕಟ್ಟುವ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ಆದರೆ ಲೆಕ್ಕ ಗೊತ್ತಿರಬೇಕು, ಎಲ್ಲಕ್ಕಿಂತ ಮೊದಲು ಯಾವುದನ್ನು ಕಟ್ಟಬೇಕು ಎಂಬುದು ಗೊತ್ತಿರಬೇಕು.

ಅಲುಗದ ಲಿಫ್ಟು

ಅತ್ಯಂತ ಸರಳವಾದ ಲಿಫ್ಟಿನಲ್ಲಿ ಅಲುಗಾಡುವ ಭಾಗವೇ ಇಲ್ಲ. ಅದು ಕಟ್ಟೆ. ಹಿತ್ತಲಿನಲ್ಲಿ ಜಾಗವಿದ್ದವರು ಎರಡು ಅಡಿ ಎತ್ತರದ, ಆರೂವರೆ ಅಡಿ ಉದ್ದದ, ಎರಡು ಅಡಿ ಅಗಲದ ಕಟ್ಟೆ ಕಟ್ಟಿ, ಒಂದು ಬದಿಗೆ ಎಂಟು ಅಡಿಯ ಇಳಿಜಾರು ಕೊಟ್ಟರೆ ಮುಗಿಯಿತು. ಒಂದಕ್ಕೆ ನಾಲ್ಕರ ಈ ಏರಿನಲ್ಲಿ 106 ಕೆಜಿಯ ಸ್ಕೂಟರನ್ನು ತಳ್ಳಲು ಬೇಕಾಗುವ ಬಲ 26 ಕೆಜಿಯ ಆಸುಪಾಸು. ಇಬ್ಬರಿಗೆ ಇದು ಭಾರವಲ್ಲ. ಕಟ್ಟೆಯ ಎರಡೂ ಅಂಚಿಗೆ ನಾಲ್ಕು ಬೆರಳು ಎತ್ತರದ ದಿಂಡು, ಮುಂದಿನ ಗಾಲಿ ಸಿಕ್ಕಿಸಲು ಒಂದು ಕಚ್ಚು ಇರಲೇಬೇಕು. ಕಟ್ಟೆಗೆ ಆಯಿಲ್ ಸೋರುವ ಸೀಲಿಲ್ಲ, ಮುರಿಯುವ ವೆಲ್ಡಿಂಗ್ ಇಲ್ಲ, ಕೆಳಗೆ ಕೈ ಸಿಕ್ಕಿಬೀಳುವ ಸಂದಿಯೂ ಇಲ್ಲ. ಜಾಗವಿದ್ದವರಿಗೆ ನನ್ನ ಮೊದಲ ಸಲಹೆ ಇದೇ.

ಆದರೆ ಪೇಟೆಯ ಮನೆಯ ಶೆಡ್ಡಿನಲ್ಲಿ ಹದಿನಾಲ್ಕೂವರೆ ಅಡಿ ಎಲ್ಲಿಂದ ತರುವುದು? ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಗಾಡಿ ನಿಲ್ಲಬೇಕು, ಭತ್ತದ ಚೀಲ ಒಟ್ಟಬೇಕು. ಅಂಥವರಿಗೆ ಮಡಚಿಕೊಳ್ಳುವ ಲಿಫ್ಟೇ ಬೇಕು.

ನಾಲ್ಕು ತೋಳು, ಎರಡು ಚೌಕಟ್ಟು

ಮನೆಯಲ್ಲಿ ಮಾಡಿಸಿಕೊಳ್ಳಲು ಸುಲಭವಾದದ್ದು ತೋಳಿನ ಲಿಫ್ಟು. ನೆಲದ ಮೇಲೊಂದು ಚೌಕಟ್ಟು, ಗಾಡಿ ನಿಲ್ಲಲು ಮೇಲೊಂದು ಹಲಗೆ, ಇವೆರಡನ್ನೂ ಜೋಡಿಸುವ ಒಂದೇ ಅಳತೆಯ ನಾಲ್ಕು ತೋಳುಗಳು. ತೋಳುಗಳು ಮಲಗಿದಾಗ ಹಲಗೆ ತಗ್ಗುತ್ತದೆ, ಎದ್ದಾಗ ಏರುತ್ತದೆ. ಹೊತ್ತವರು ಒಟ್ಟಿಗೆ ಎದ್ದರೆ ಪಲ್ಲಕ್ಕಿ ಹೇಗೆ ವಾಲದೆ ಮೇಲೇಳುತ್ತದೋ ಹಾಗೆ ಹಲಗೆ ಸಮತಲದಲ್ಲೇ ಇರುತ್ತದೆ. ಅದಕ್ಕೆ ಮುಖ್ಯ ಷರತ್ತು: ನಾಲ್ಕೂ ತೋಳುಗಳ ತೂತಿನಿಂದ ತೂತಿಗೆ ಇರುವ ಅಂತರ ಒಂದೇ ಇರಬೇಕು. ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಹಲಗೆ ತಿರುಚುತ್ತದೆ, ಪಿನ್ನು ಬಿಗಿಯುತ್ತದೆ.

ಇದಕ್ಕೆ ಒಳ್ಳೆಯ ಕೆಲಸಗಾರ ಅನುಸರಿಸುವ ಕ್ರಮ ನೋಡುವಂತಿರುತ್ತದೆ. ಆತ ಒಂದೊಂದೇ ತೋಳಿಗೆ ಗುರುತು ಹಾಕುವುದಿಲ್ಲ. ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಕ್ಲಾಂಪಿನಲ್ಲಿ ಬಿಗಿದು, ಡ್ರಿಲ್ ಮಶಿನ್ನಿನಲ್ಲಿ ಒಂದೇ ಸಲಕ್ಕೆ ನಾಲ್ಕರಲ್ಲೂ ತೂತು ಇಳಿಸುತ್ತಾನೆ. ಮೊದಲ ತೂತಿಗೆ ಬೋಲ್ಟು ತೂರಿಸಿ ಅಲುಗದಂತೆ ಮಾಡಿದ ಮೇಲೆಯೇ ಎರಡನೆಯ ತೂತು. ಚೌಕಟ್ಟನ್ನೂ ಹಾಗೆಯೇ: ನಾಲ್ಕು ಮೂಲೆಗೆ ಟಾಕಾ ಹೊಡೆದು, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯುತ್ತಾನೆ. ಎರಡೂ ಸಮ ಬಂದ ಮೇಲಷ್ಟೇ ಪೂರ್ತಿ ವೆಲ್ಡಿಂಗ್. ಸಮ ಬಾರದಿದ್ದರೆ ಸುತ್ತಿಗೆಯ ಒಂದೆರಡು ಪೆಟ್ಟು, ಮತ್ತೆ ಟೇಪು.

ಅಳತೆಗೆ ಬರೋಣ. ಹೋಂಡಾ ಆಕ್ಟಿವಾದಂಥ ಸ್ಕೂಟರು ಸುಮಾರು ಆರು ಅಡಿ ಉದ್ದ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 126 ಸೆಂಟಿಮೀಟರ್. ಆರೂವರೆ ಅಡಿಗೆ ಎರಡು ಅಡಿಯ ಹಲಗೆ ಸಾಕು. 40 ಮಿ.ಮೀ. ಚೌಕ ಪೈಪು, 3 ಮಿ.ಮೀ. ಗೋಡೆಯದ್ದು, ಮೀಟರಿಗೆ ಸುಮಾರು ಮೂರೂವರೆ ಕೆಜಿ ತೂಗುತ್ತದೆ. 3 ಮಿ.ಮೀ. ತಗಡು ಚದರ ಮೀಟರಿಗೆ ಇಪ್ಪತ್ತಮೂರೂವರೆ ಕೆಜಿ. ಲೆಕ್ಕ ಹಾಕಿದರೆ ಹಲಗೆಯೊಂದೇ 55 ಕೆಜಿ, ಬುಡದ ಚೌಕಟ್ಟು ಮತ್ತು ತೋಳು ಸೇರಿ ಇಡೀ ಲಿಫ್ಟು 100 ಕೆಜಿಯ ಆಸುಪಾಸು. ಕಬ್ಬಿಣದ ಅಂದಿನ ಕೆಜಿ ದರವನ್ನು ನೂರರಿಂದ ಗುಣಿಸಿದರೆ ಮಾಲಿನ ಖರ್ಚು ಸಿಗುತ್ತದೆ. ಮಜೂರಿ, ಜಾಕು, ಲೇಥಿನ ಕೆಲಸ ಬೇರೆ.

ಒಂದು ಮಾತು ನೆನಪಿರಲಿ. ನಡು ಸ್ಟ್ಯಾಂಡಿನ ಮೇಲೆ ನಿಂತ ಸ್ಕೂಟರಿನ ಭಾರದ ದೊಡ್ಡ ಪಾಲು ಸ್ಟ್ಯಾಂಡಿನ ಎರಡು ಸಣ್ಣ ಪಾದಗಳ ಮೇಲೆ ಬೀಳುತ್ತದೆ. ಆ ಜಾಗಕ್ಕೆ ಸರಿಯಾಗಿ ತಗಡಿನ ಕೆಳಗೆ ಅಡ್ಡ ಪೈಪು ಇರಬೇಕು. ಇಲ್ಲವಾದರೆ ಕೆಲವೇ ತಿಂಗಳಲ್ಲಿ ತಗಡು ತಗ್ಗು ಬೀಳುತ್ತದೆ, ಗಾಡಿ ವಾಲುತ್ತದೆ.

ಭಾರವೆಲ್ಲ ಮೊದಲ ಗೇಣಿನಲ್ಲಿ

ಎರಡೂವರೆ ಅಡಿಯ ತೋಳು ನೆಲದಿಂದ 10 ಡಿಗ್ರಿ ಕೋನದಲ್ಲಿ ಮಲಗಿದ್ದರೆ ಮೇಲಿನ ಪಿನ್ನು ಕೆಳಗಿನದಕ್ಕಿಂತ 13 ಸೆಂ.ಮೀ. ಎತ್ತರದಲ್ಲಿರುತ್ತದೆ. 60 ಡಿಗ್ರಿಗೆ ಎದ್ದಾಗ 66 ಸೆಂ.ಮೀ. ಆಗ ಒಂದು ಗೇಣು ಎತ್ತರದಲ್ಲಿದ್ದ ಹಿಂದಿನ ಅಕ್ಸಲ್ ಮೂರು ಅಡಿಯ ಹತ್ತಿರಕ್ಕೆ, ನಿಂತವರ ಸೊಂಟದ ಮಟ್ಟಕ್ಕೆ ಬರುತ್ತದೆ. ಜೊತೆಗೇ ಹಲಗೆ 37 ಸೆಂ.ಮೀ. ಮುಂದಕ್ಕೂ ಸರಿಯುತ್ತದೆ. ಶೆಡ್ಡಿನಲ್ಲಿ ಲಿಫ್ಟಿನ ಮುಂದೆ ಒಂದೂವರೆ ಅಡಿ ಖಾಲಿ ಬಿಡದಿದ್ದರೆ ಗಾಡಿಯ ಮೂತಿ ಗೋಡೆಗೆ ತಾಗುತ್ತದೆ.

ಇನ್ನು ಬಲದ ಲೆಕ್ಕ. ಸ್ಕೂಟರು, ಹಲಗೆ, ಸಲಕರಣೆ ಸೇರಿ 175 ಕೆಜಿ ಎನ್ನೋಣ. ಉದ್ದನೆಯ ಸ್ಕ್ರೂ ತಿರುಗಿಸಿ ಹಲಗೆಯನ್ನು ಅಡ್ಡಲಾಗಿ ದೂಡಿ ಎತ್ತುವುದಾದರೆ, ತೋಳು 45 ಡಿಗ್ರಿಯಲ್ಲಿದ್ದಾಗ ಬೇಕಾಗುವ ಬಲ ಭಾರದಷ್ಟೇ, 175 ಕೆಜಿ. 60 ಡಿಗ್ರಿಯಲ್ಲಿ ನೂರೇ ಸಾಕು. ಆದರೆ 30 ಡಿಗ್ರಿಯಲ್ಲಿ 300 ಬೇಕು, 10 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ಟನ್. ತೋಳು ಇನ್ನೂ ನೆಲಕ್ಕಂಟಿದಷ್ಟೂ ಈ ಸಂಖ್ಯೆ ಏರುತ್ತಲೇ ಹೋಗುತ್ತದೆ. ಮನೆಯಲ್ಲಿ ಮಾಡಿದ ಲಿಫ್ಟು ಮೊದಲ ಸಲಕ್ಕೇ ಏಳದೆ ಕೂತರೆ, ಪೈಪು ಬಾಗಿದರೆ, ಹೆಚ್ಚಾಗಿ ಕಾರಣ ಇದೇ. ಪೂರ್ತಿ ಮಲಗುವ ಲಿಫ್ಟಿಗೆ ಆಸೆಪಡದೆ 15 ಡಿಗ್ರಿಯಲ್ಲೇ ತೋಳಿಗೆ ಅಡ್ಡಗಟ್ಟೆ ಕೊಟ್ಟರೆ ಬಲ 650 ಕೆಜಿಗೆ ಇಳಿಯುತ್ತದೆ. ನೆಲದಿಂದ ಗಾಡಿ ಹತ್ತಿಸುವ ಇಳಿಜಾರು ಹಲಗೆ ಸ್ವಲ್ಪ ಉದ್ದ ಬೇಕಾದೀತು, ಅಷ್ಟೇ.

ಹೆಚ್ಚಿನವರು ಬಳಸುವುದು ಬಾಟಲಿ ಜಾಕು. ಸಣ್ಣ ಪಿಸ್ಟನ್ನಿನ ಬಲ ದೊಡ್ಡ ಪಿಸ್ಟನ್ನಿನಲ್ಲಿ ಹಿಗ್ಗುವ ಈ ತತ್ವವನ್ನು ಕಂಡವನು ಹದಿನೇಳನೇ ಶತಮಾನದ ಪಾಸ್ಕಲ್, ಅದನ್ನು ಯಂತ್ರಕ್ಕೆ ತಂದು 1795ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಟ್ರಾಲಿ ಎತ್ತಿ ಕಬ್ಬು ಸುರಿಯುವ ಹೈಡ್ರಾಲಿಕ್ ಕೂಡ ಇದೇ ವಂಶದ್ದು. ಜಾಕಿನ ಪಿಸ್ಟನ್ ಏಳುವುದು ಸುಮಾರು 13 ಸೆಂ.ಮೀ. ಮಾತ್ರ. ಹಲಗೆ ಏಳಬೇಕಾದದ್ದು 50ಕ್ಕಿಂತ ಹೆಚ್ಚು. ನಾಲ್ಕು ಪಟ್ಟು ಎತ್ತರ ಬೇಕೆಂದರೆ ಜಾಕು ನಾಲ್ಕು ಪಟ್ಟು ಭಾರ ಹೊರಲೇಬೇಕು: ಸರಾಸರಿ 700 ಕೆಜಿ, ಆರಂಭದಲ್ಲಿ ಅದಕ್ಕೂ ಹೆಚ್ಚು. ಎರಡು ಟನ್ನಿನದು ನಡೆದೀತು ಅನ್ನಿಸುತ್ತದೆ. ಆದರೂ ಐದು ಟನ್ನಿನದನ್ನೇ ಹಾಕಿಸಿ. ತೋಳು ಏಳುತ್ತಾ ಜಾಕಿನ ಓರೆ ಬದಲಾಗುತ್ತದೆ. ಹಾಗಾಗಿ ಅದರ ಬುಡ, ತಲೆ ಎರಡೂ ಪಿನ್ನಿನ ಮೇಲೆ ತಿರುಗುವಂತಿರಬೇಕು. ಓರೆಯಾಗಿ ಕೂಡಿಸುವಾಗ ಪಂಪಿನ ಬದಿ ಕೆಳಗಿರಬೇಕು, ಇಲ್ಲದಿದ್ದರೆ ಪಂಪು ಆಯಿಲಿನ ಬದಲು ಗಾಳಿ ಎಳೆಯುತ್ತದೆ.

ಪಿನ್ನು ಮೊದಲು

ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಅದು ಇದು: ಜಾಕು ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಅದರೊಳಗಿನ ಆಯಿಲನ್ನು ತಡೆದು ಹಿಡಿದಿರುವುದು ಒಂದು ರಬ್ಬರಿನ ಸೀಲು. ಸೀಲು ಸವೆದರೆ ಹಲಗೆ ಮೆಲ್ಲಗೆ ಇಳಿಯುತ್ತದೆ, ಹರಿದರೆ ಒಮ್ಮೆಲೇ ಬೀಳುತ್ತದೆ. ಬೀಳುವಾಗ ಮಲಗುವ ತೋಳುಗಳ ನಡುವೆ ಕೈ ಇದ್ದರೆ ಆ ಕೈ ಉಳಿಯುವುದಿಲ್ಲ.

ಅದಕ್ಕೆ ಬುಡದ ಚೌಕಟ್ಟಿನ ಎರಡೂ ಬದಿಗೆ ಎರಡೆರಡು ಇಂಚಿಗೊಂದು ತೂತು, ಅಥವಾ ಗಟ್ಟಿ ಹಲ್ಲು. ತೋಳಿಗೆ ತೂಗುಹಾಕಿದ ಆನಿಕೆಯ ಕಡ್ಡಿ ಹಲಗೆ ಏರಿದಂತೆ ಆ ಹಲ್ಲುಗಳ ಮೇಲೆ ಟಕ್ ಟಕ್ ಎಂದು ಬಂದು ಕೂಡುತ್ತಾ ಹೋಗಬೇಕು. ಬೇಕಾದ ಎತ್ತರ ಬಂದ ಮೇಲೆ 16 ಮಿ.ಮೀ. ಬೋಲ್ಟನ್ನು ಪಿನ್ನಾಗಿ, ಅಂದರೆ ಲಾಕ್ ಆಗಿ, ತೂರಿಸಿ, ಜಾಕಿನ ವಾಲ್ವು ಸಡಿಲಿಸಿ, ಪೂರ್ತಿ ಭಾರವನ್ನು ಆ ಬೋಲ್ಟಿನ ಮೇಲೆ ಕೂಡಿಸಿಯೇ ಕೆಲಸ ಶುರು ಮಾಡಬೇಕು. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇರಲಿ, ಅದು ಗಟ್ಟಿ ಉಕ್ಕಿನ ಗುರುತು. ಗುಜರಿಯಲ್ಲಿ ಪೈಪು ಕೊಳ್ಳಿ, ತಗಡು ಕೊಳ್ಳಿ. ಬೋಲ್ಟು ಮತ್ತು ಜಾಕು ಮಾತ್ರ ಹೊಸದೇ ಆಗಿರಲಿ.

ಮುಂದಿನ ಗಾಲಿಗೆ ಹಿಡಿಕೆ, ಹ್ಯಾಂಡಲಿನ ಎರಡೂ ಕಡೆಗೆ ಬಿಗಿಯುವ ಬೆಲ್ಟು ಕೂಡ ಇದೇ ಶಿಸ್ತಿನ ಭಾಗ. ಈಗ ಹಳ್ಳಿಗೂ ಬಂದಿರುವ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಎಷ್ಟೋ ಮಾದರಿಗಳ ಬ್ಯಾಟರಿ ಕಾಲಿಡುವ ಜಾಗದ ಅಡಿಗೇ ಇದೆ. ಅಂಥವಕ್ಕೆ ಹೊಟ್ಟೆಯ ಕೆಳಗೆ ನೇರವಾಗಿ ಜಾಕು ಕೊಡಬಾರದು. ಗಾಲಿಗಳನ್ನು ಹಲಗೆಯ ಮೇಲೆ ನಿಲ್ಲಿಸಿ ಎತ್ತುವ ಈ ಬಗೆಯೇ ಅವಕ್ಕೆ ಕ್ಷೇಮ.

ಲಿಫ್ಟು ಸಿದ್ಧವಾದ ದಿನ ಮೊದಲು ಏರಬೇಕಾದದ್ದು ಸ್ಕೂಟರಲ್ಲ, ಚೀಲಗಳು. ಯೂರಿಯಾ ಚೀಲ 45 ಕೆಜಿ, ಸಿಮೆಂಟ್ ಚೀಲ 50 ಕೆಜಿ. ಐದು ಸಿಮೆಂಟ್ ಚೀಲ ಹೇರಿದರೆ 250 ಕೆಜಿ, ಸ್ಕೂಟರಿನ ಎರಡು ಪಟ್ಟಿಗಿಂತ ಹೆಚ್ಚು. ಪೂರ್ತಿ ಎತ್ತಿ, ಪಿನ್ನು ಹಾಕಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒಂದೊಂದು ಬೆಸುಗೆಯನ್ನೂ ಕೈಯಿಂದ ಸವರಿ ಬಿರುಕು ನೋಡಿ, ಪಿನ್ನು ಬಾಗಿದೆಯೇ ನೋಡಿ. ಕೆಲಸವಿಲ್ಲದಾಗ ಲಿಫ್ಟು ಯಾವಾಗಲೂ ಕೆಳಗೇ ಇರಲಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಕೈಗಳು ಇಲ್ಲೇ ಇವೆ

ಇದೆಲ್ಲ ದೊಡ್ಡ ಪಟ್ಟಣದ ಎಂಜಿನಿಯರುಗಳ ಕೆಲಸ ಎಂದುಕೊಳ್ಳಬೇಕಿಲ್ಲ. ನಮ್ಮ ನೆರೆಯ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು, ಬೀಜ ಮತ್ತು ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಶುರು ಮಾಡಿದ್ದು ರೈತನಾಗಿ, ತನಗೆ ಎದುರಾದ ತೊಂದರೆಯಿಂದ. ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯ ಕಲ್ಲಿನ ಕಮಲವನ್ನು ಕಡೆದು ಎತ್ತಿ ಕೂಡಿಸಿದವರೂ ಭಾರ, ಅಳತೆ, ಜೋಡಣೆ ಬಲ್ಲ ಕಸಬುದಾರರೇ. ಇಂದು ಅದೇ ಬಗೆಯ ತಿಳಿವಳಿಕೆ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ, ಲೇಥ್ ಶೆಡ್ಡುಗಳಲ್ಲಿ ಇದೆ. ಗಿರಾಕಿಗಳಾದ ನಾವು ಅದನ್ನು ಕೇಳಬೇಕು, ಕೇಳಿದ್ದಕ್ಕೆ ಬೆಲೆ ಕೊಡಬೇಕು.

ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಕಲಿಯುವ ಹುಡುಗರಿಗೆ ಪ್ರತಿ ವರ್ಷ ಇಂಥದೊಂದು ಲಿಫ್ಟು ಕಟ್ಟುವ ಕೆಲಸ ಕೊಡಬಹುದು. ಅಳತೆ, ಡ್ರಿಲ್ಲು, ಬೆಸುಗೆ, ಭಾರದ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಕಟ್ಟಿದ್ದನ್ನು ಊರಿನ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟರೆ ಒಂದು ಸೊಂಟ ಉಳಿಯುತ್ತದೆ. ಇದನ್ನು ನಮ್ಮ ತಾಲ್ಲೂಕಿನ ಶಿಕ್ಷಕರೂ ಮೆಕ್ಯಾನಿಕ್ ಸಂಘಟನೆಗಳೂ ಮನಸ್ಸಿಗೆ ತೆಗೆದುಕೊಳ್ಳಲಿ.

ಮಾಡಿಸಲು ಹೊರಟವರಿಗೆ ಕೊನೆಯ ಮಾತು: ಎರಡು ಮೂರು ಅಂಗಡಿಗೆ ಹೋಗಿ, ರೇಟು ಕೇಳಿ, ಆಮೇಲೆ ‘ಲಾಕ್ ಬ್ಯಾಡ್ರಿ, ಸ್ವಲ್ಪ ಕಮ್ಮಿ ಮಾಡ್ರಿ’ ಎಂದು ಹೇಳಿ ನೋಡಿ. ಒಪ್ಪಿಕೊಂಡವರಿಗೆ ನಮಸ್ಕಾರ ಹೇಳಿ ಬನ್ನಿ. ‘ಲಾಕ್ ಇಲ್ದ ನಾ ಮಾಡೂದಿಲ್ರಿ ಯಜಮಾನ್ರ’ ಎಂದವರಿಗೇ ಕೆಲಸ ಕೊಡಿ, ಅವರು ಕೇಳಿದಷ್ಟು ಕೊಡಿ.