ಪಂಚರ್ ಹಾಕಿಸೋಣವೇ, ಹೊಸ ಟೈರ್ ತರೋಣವೇ?



ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಬೆಳಿಗ್ಗೆ. ನೀವು ಕೆಳಗಿಳಿದು ಬಂದರೆ ಕಾರಿನ ಒಂದು ಟೈರ್ ಸ್ವಲ್ಪ ಕುಗ್ಗಿ ಕೂತಿದೆ. ಬಗ್ಗಿ ನೋಡಿದರೆ ಸ್ಕ್ರೂ ಒಂದರ ತಲೆ ಹೊಳೆಯುತ್ತಿದೆ. ಅಪ್ಪ, "ಏನಾಗಲ್ಲ, ಒಂದು ಪಂಚರ್ ಹಾಕಿಸಿದರೆ ಆಯ್ತು" ಅಂತಾರೆ. ಅಮ್ಮ, "ಬೇಡಪ್ಪ, ನಾಳೆ ಎಲ್ಲರೂ ಅಬುಧಾಬಿಗೆ ಹೋಗೋದಿದೆ, ಹೊಸದೇ ಹಾಕಿಸಿ" ಅಂತಾರೆ. 2025ರ ಮಾರ್ಚ್‌ನಿಂದ ಇಲ್ಲಿ 17 ವರ್ಷ ತುಂಬಿದವರಿಗೂ ಲೈಸೆನ್ಸ್ ಸಿಗುತ್ತಿದೆ. ನಾಳೆ ಸ್ಟೀರಿಂಗ್ ಹಿಡಿಯುವವರು ನೀವೇ ಇರಬಹುದು. ಹಾಗಾದರೆ ಯಾರ ಮಾತು ಕೇಳಬೇಕು?

ಅಪ್ಪನ ಧೈರ್ಯಕ್ಕೆ ಕಾರಣವಿದೆ. ಅವರು ಊರಲ್ಲಿ ಕಂಡದ್ದು ಟ್ಯೂಬ್ ಇರುವ ಟೈರ್. ಪಂಚರ್ ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಉಜ್ಜಿ ತೇಪೆ ಹಾಕುತ್ತಿದ್ದ. ಈಗಿನ ಕಾರುಗಳಲ್ಲಿ ಟ್ಯೂಬೇ ಇಲ್ಲ. ಗಾಳಿ ಹಿಡಿದಿಡುವುದೂ ಟೈರೇ, ಕಾರಿನ ಭಾರ ಹೊರುವುದೂ ಟೈರೇ. ರಬ್ಬರಿನ ಕೆಳಗೆ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ. ತೂತಿನಿಂದ ನೀರು ಒಳಗೆ ಹೋದರೆ ಆ ತಂತಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಗಾಳಿ ನಿಂತರೆ ಸಾಲದು, ತೂತೂ ತುಂಬಬೇಕು.

ಹಾಗಂತ ಪ್ರತಿ ಪಂಚರ್‌ಗೂ ಟೈರ್ ಎಸೆಯಬೇಕಿಲ್ಲ. ಮೂರು ವಿಷಯ ನೋಡಿ.

ಮೊದಲನೆಯದು, ತೂತು ಎಲ್ಲಿದೆ? ರಸ್ತೆಗೆ ತಾಗುವ ಟ್ರೆಡ್‌ನ ನಡುಭಾಗದಲ್ಲಿದ್ದರೆ ರಿಪೇರಿ ಮಾಡಬಹುದು. ಅಂಚಿನಲ್ಲೋ ಪಕ್ಕೆಯಲ್ಲೋ ಇದ್ದರೆ ಬೇಡ. ಪಕ್ಕೆ ಪ್ರತಿ ಸುತ್ತಿಗೂ ಬಾಗುತ್ತದೆ, ಅಲ್ಲಿ ತೇಪೆ ನಿಲ್ಲುವುದಿಲ್ಲ.

ಎರಡನೆಯದು, ಎಷ್ಟು ದೊಡ್ಡದು? ಅಮೆರಿಕದ ಟೈರ್ ತಯಾರಕರ ಸಂಘದ ಮಿತಿ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಸಾಮಾನ್ಯ ಮೊಳೆ, ಸ್ಕ್ರೂ ಇದರೊಳಗೇ ಬರುತ್ತವೆ. ಸೀಳಿದ ಗಾಯ ಬರುವುದಿಲ್ಲ.

ಮೂರನೆಯದು, ಗಾಳಿ ಇಲ್ಲದೆ ಕಾರು ಓಡಿತ್ತೇ? ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಗಾಳಿ ಇಳಿದ ಟೈರ್ ಓಡಿದಾಗ ಪಕ್ಕೆ ಮಡಚಿ ಮಡಚಿ ಬಿಸಿಯಾಗಿ ಒಳಗಿನಿಂದ ಹಾಳಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಟೈರನ್ನು ರಿಮ್‌ನಿಂದ ಬಿಚ್ಚಿ ಒಳಗೆ ನೋಡಲೇಬೇಕು.

ಇನ್ನು ರಿಪೇರಿಯ ರೀತಿ. ಹೊರಗಿನಿಂದ ಅಂಟಿನ ಹುರಿಯನ್ನು ಚುಚ್ಚಿ ತುಂಬುವುದು ಐದು ನಿಮಿಷದ ಕೆಲಸ. ಟೈರ್ ಬಿಚ್ಚುವುದಿಲ್ಲ, ಹಾಗಾಗಿ ಒಳಗಿನ ಹಾನಿ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ತಾತ್ಕಾಲಿಕ ಅಂತ ತಿಳಿದುಕೊಳ್ಳಿ. ಸರಿಯಾದ ರಿಪೇರಿಯಲ್ಲಿ ಅಣಬೆ ಆಕಾರದ ತೇಪೆ ಬಳಸುತ್ತಾರೆ: ಅದರ ಕಾಂಡ ತೂತನ್ನು ತುಂಬುತ್ತದೆ, ತಲೆ ಒಳಗಿನಿಂದ ಅಂಟಿ ಗಾಳಿ ತಡೆಯುತ್ತದೆ. ಅಂಗಡಿಯಲ್ಲಿ "ಟೈರ್ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕುತ್ತೀರಾ?" ಅಂತ ಕೇಳಿ. ಇಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.

ಇಷ್ಟು ಜಾಗ್ರತೆ ಯಾಕೆ? ನಮ್ಮ ರಸ್ತೆ, ನಮ್ಮ ಬಿಸಿಲು. ಮನೆಯಿಂದ ಹೊರಟ ಕೆಲವೇ ನಿಮಿಷದಲ್ಲಿ ಶೇಖ್ ಜಾಯೆದ್ ರಸ್ತೆ ಸೇರುತ್ತೇವೆ, ಕಾರು ಗಂಟೆಗೆ 120 ಕಿ.ಮೀ. ವೇಗ ಮುಟ್ಟುತ್ತದೆ. ಬೇಸಿಗೆಯಲ್ಲಿ ಗಾಳಿಯೇ 45 ಡಿಗ್ರಿ ದಾಟುತ್ತದೆ, ಡಾಂಬರು ಅದಕ್ಕಿಂತ ಬಿಸಿ. ವೇಗ, ಬಿಸಿಲು, ಕಡಿಮೆ ಗಾಳಿ, ತುಂಬಿದ ಕಾರು ಒಟ್ಟಾದರೆ ಟೈರ್ ಸಿಡಿಯಬಹುದು.

ರಿಪೇರಿಗೆ ಮೊದಲು ಟೈರಿನ ವಯಸ್ಸನ್ನೂ ಓದಿ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಯುಎಇಯಲ್ಲಿ ತಯಾರಾಗಿ 5 ವರ್ಷ ದಾಟಿದ ಟೈರ್ ಬಳಸುವಂತಿಲ್ಲ. ಯೋಗ್ಯವಲ್ಲದ ಟೈರಿನಲ್ಲಿ ಓಡಿಸಿ ಸಿಕ್ಕಿಬಿದ್ದರೆ 500 ದಿರ್ಹಂ ದಂಡ, 4 ಕಪ್ಪು ಅಂಕ, ಒಂದು ವಾರ ಕಾರು ವಶ. ಅಂಥ ಟೈರಿಗೆ ಪಂಚರ್ ಹಾಕಿಸುವುದು ದುಡ್ಡು ದಂಡ.

ಈಗ ಆ ಬೆಳಗಿಗೆ ಹಿಂತಿರುಗೋಣ. ಸ್ಕ್ರೂ ಕೀಳಬೇಡಿ, ಸದ್ಯಕ್ಕೆ ಗಾಳಿ ತಡೆಯುತ್ತಿರುವುದು ಅದೇ. ಗಾಳಿ ಅಳೆದು, ತುಂಬಿಸಿ, ಒಳರಸ್ತೆಯಲ್ಲೇ ನಿಧಾನವಾಗಿ ಹತ್ತಿರದ ಅಂಗಡಿಗೆ ಹೋಗಿ. ಪೂರ್ತಿ ಇಳಿದಿದ್ದರೆ ಸ್ಟೆಪ್ನಿ ಹಾಕಿ. ಅದು ತೆಳ್ಳಗಿನ ತಾತ್ಕಾಲಿಕ ಚಕ್ರವಾಗಿದ್ದರೆ ಗಂಟೆಗೆ 80 ಕಿ.ಮೀ. ದಾಟಬೇಡಿ. ಹೆದ್ದಾರಿಯಲ್ಲೇ ಪಂಚರ್ ಆದರೆ ಜೋರಾಗಿ ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರ ಹಿಡಿದು, ಹಜಾರ್ಡ್ ಲೈಟ್ ಹಾಕಿ ಬಲಬದಿಗೆ ಬನ್ನಿ. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಅಪಾಯ ಅನ್ನಿಸಿದರೆ 999ಕ್ಕೆ ಕರೆ ಮಾಡಿ. ವಾಹನಗಳು ರೊಯ್ಯನೆ ಹೋಗುವ ಕಡೆ ಕೂತು ಚಕ್ರ ಬದಲಿಸುವ ಸಾಹಸ ಬೇಡ.

ಅಪ್ಪ, ಅಮ್ಮ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಟೈರಿನ ಒಳಗಿದೆ. ಅದನ್ನು ಬಿಚ್ಚಿಸಿ ನೋಡಿ, ಆಮೇಲೆ ಅಬುಧಾಬಿಗೆ ಹೊರಡಿ.